ಕೆರೆ ನೀರಿನ ದರ್ಜಿಗಳು

ತನ್ನ ಡಿಎನ್‌ಎಯನ್ನು ತಾನೇ ಸಾವಿರಾರು ಚೂರು ಮಾಡಿ, ಬೇಡದ್ದನ್ನು ಎಸೆದು, ಬೇಕಾದ್ದನ್ನು ಮತ್ತೆ ಹೊಲಿದುಕೊಳ್ಳುವ ಏಕಕೋಶ ಜೀವಿಗಳಿವೆ. ಬರಿಗಣ್ಣಿಗೆ ಸರಿಯಾಗಿ ಕಾಣದ ಈ ದರ್ಜಿಗಳು ಎರಡು ನೊಬೆಲ್ ಬಹುಮಾನಗಳಿಗೆ ದಾರಿ ಮಾಡಿಕೊಟ್ಟ ಕಥೆ ಇಲ್ಲಿದೆ.

ಪ್ಯಾರಮೀಸಿಯಂ ಚಿತ್ರ ಬರೆಯದೆ ಜೀವಶಾಸ್ತ್ರದಲ್ಲಿ ಪಾಸಾದವರು ಕಡಿಮೆ. ಚಪ್ಪಲಿಯ ಅಟ್ಟೆಯಂಥ ಒಂದು ಆಕಾರ. ಅದರ ಸುತ್ತ ಪೆನ್ಸಿಲಿನಲ್ಲಿ ಎಳೆದ ಸಣ್ಣ ಸಣ್ಣ ಕೂದಲು. ಒಳಗೆ ಅವರೆಕಾಳಿನಂತೆ ಒಂದು ದೊಡ್ಡ ಕೇಂದ್ರ, ಅದರ ಮಗ್ಗುಲಲ್ಲಿ ಸಾಸಿವೆ ಕಾಳಿನಂತೆ ಒಂದು ಚಿಕ್ಕ ಕೇಂದ್ರ. ಬಲಕ್ಕೆ ಗೆರೆ ಎಳೆದು 'ಮ್ಯಾಕ್ರೋನ್ಯೂಕ್ಲಿಯಸ್', 'ಮೈಕ್ರೋನ್ಯೂಕ್ಲಿಯಸ್' ಎಂದು ಬರೆದರೆ ಅಂಕ ಸಿಕ್ಕಿತು, ಪಾಠ ಮುಗಿಯಿತು.

ಆದರೆ ಒಂದು ಪ್ರಶ್ನೆ ಅಲ್ಲೇ ಉಳಿಯಿತು. ನಮ್ಮ ಚರ್ಮದ ಕೋಶಕ್ಕೆ ಒಂದೇ ನ್ಯೂಕ್ಲಿಯಸ್ ಸಾಕು. ಆಲದ ಮರದ ಎಲೆಯ ಕೋಶಕ್ಕೂ ಒಂದೇ ಸಾಕು. ಆನೆಯ ಜಠರದ ಗೋಡೆಯ ಕೋಶಕ್ಕೂ ಒಂದೇ ಸಾಕು. ಹಾಗಿರುವಾಗ ಕೆರೆ ನೀರಿನಲ್ಲಿ ಓಡಾಡಿಕೊಂಡಿರುವ ಈ ಚಪ್ಪಲಿ ಜೀವಿಗೆ ಎರಡು ಏಕೆ? ಒಂದು ದೊಡ್ಡದು, ಒಂದು ಚಿಕ್ಕದು ಏಕೆ?

ಈ ಪ್ರಶ್ನೆಯ ಬೆನ್ನು ಹತ್ತಿ ಹೋದವರಿಗೆ ಸಿಕ್ಕಿದ್ದು ಜೀವಲೋಕದ ಅತಿ ವಿಚಿತ್ರ ಸಂಗತಿಗಳಲ್ಲಿ ಒಂದು. ತಂದೆ ತಾಯಿಯಿಂದ ಬಂದ ಡಿಎನ್‌ಎಯನ್ನು ಜೀವಿಗಳು ಕಣ್ಣಿಗೆ ಒತ್ತಿಕೊಂಡು ಹಾಗೆಯೇ ಕಾಪಾಡುತ್ತವೆ ಎಂದು ನಾವು ಓದಿದ್ದೇವೆ. ಈ ಜೀವಿಗಳು ಮಾತ್ರ ಅದನ್ನು ಕತ್ತರಿಸುತ್ತವೆ, ಆರಿಸುತ್ತವೆ, ಹೊಲಿಯುತ್ತವೆ!

ಬಿತ್ತನೆ ಬೀಜ, ಊಟದ ಕಾಳು

ಮೊದಲು ಈ ಜೀವಿಗಳ ಪರಿಚಯ ಮಾಡಿಕೊಳ್ಳೋಣ. ಮೈಮೇಲೆ ಕೂದಲಿನಂಥ ಎಳೆಗಳಿರುವ ಏಕಕೋಶ ಜೀವಿಗಳಿಗೆ ಸಿಲಿಯೇಟ್ ಎಂದು ಹೆಸರು. ಕೂದಲುಗಳನ್ನು ಹುಟ್ಟಿನಂತೆ ಬಡಿದು ಅವು ಈಜುತ್ತವೆ. ಅದೇ ಕೂದಲುಗಳಿಂದ ಬ್ಯಾಕ್ಟೀರಿಯಾಗಳನ್ನು ಬಾಯಿಗೆ ತಳ್ಳಿಕೊಳ್ಳುತ್ತವೆ. ಕೆರೆ, ಹೊಂಡ, ಸಮುದ್ರ, ಒದ್ದೆ ಮಣ್ಣು ಎಲ್ಲೆಡೆಯೂ ಇವೆ. ಹಸುವಿನ ಹೊಟ್ಟೆಯ ಮೊದಲ ಕೋಣೆಯಲ್ಲಿ ಮೇವು ಕೊಳೆಯುವ ಕಡೆ ಲಕ್ಷಗಟ್ಟಲೆ ಇವೆ. ಗಾಜಿನ ತೊಟ್ಟಿಯ ಮೀನಿನ ಮೈಮೇಲೆ ಬಿಳಿ ಚುಕ್ಕೆ ರೋಗ ತರುವುದೂ ಒಂದು ಸಿಲಿಯೇಟೇ.

ಸೂಕ್ಷ್ಮಜೀವಿಗಳ ಲೋಕವನ್ನು ಮೊದಲು ಕಂಡವನು ಹಾಲೆಂಡಿನ ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಆಂಟನಿ ಲೀವೆನ್‌ಹುಕ್. 1670ರ ದಶಕದಲ್ಲಿ ತಾನೇ ಉಜ್ಜಿ ಮಾಡಿದ ಪುಟ್ಟ ಮಸೂರದಲ್ಲಿ ಕೆರೆಯ ನೀರನ್ನೂ ಮೆಣಸು ನೆನೆಸಿದ ನೀರನ್ನೂ ನೋಡಿ, ಅದರಲ್ಲಿ ಓಡಾಡುವ 'ಪುಟ್ಟ ಪ್ರಾಣಿ'ಗಳ ಬಗ್ಗೆ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಬಟ್ಟೆ ವ್ಯಾಪಾರಿ ಕಂಡ ಆ ನೀರಿನ ಲೋಕದಲ್ಲಿ ಕತ್ತರಿ ಹಿಡಿದ ದರ್ಜಿಗಳೂ ಇದ್ದಾರೆ ಎಂದು ತಿಳಿಯಲು ಮಾತ್ರ ಮುಂದೆ ಮುನ್ನೂರು ವರ್ಷ ಬೇಕಾಯಿತು.

ಎರಡು ಕೇಂದ್ರಗಳ ಗುಟ್ಟು ನಮ್ಮ ರೈತರಿಗೆ ಸುಲಭವಾಗಿ ಅರ್ಥವಾದೀತು. ಸುಗ್ಗಿ ಮುಗಿದ ಮೇಲೆ ರೈತ ಬೆಳೆದದ್ದನ್ನೆಲ್ಲ ಊಟಕ್ಕೆ ಬಳಸುವುದಿಲ್ಲ. ಒಂದು ಪಾಲನ್ನು ಬಿತ್ತನೆಗೆಂದು ಬೇರೆ ತೆಗೆದು, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಕಟ್ಟಿಡುತ್ತಾನೆ. ಎಷ್ಟೇ ಹಸಿವಾದರೂ ಅದಕ್ಕೆ ಕೈ ಹಾಕುವುದಿಲ್ಲ. ಉಳಿದದ್ದನ್ನು ಕೇರಿ, ಕುಟ್ಟಿ, ಬೀಸಿ ಬಳಸುತ್ತಾನೆ.

ಸಿಲಿಯೇಟಿನ ಚಿಕ್ಕ ಕೇಂದ್ರ ಬಿತ್ತನೆ ಬೀಜ. ಅದರಲ್ಲಿರುವ ವರ್ಣತಂತುಗಳು ಪೂರ್ಣವಾಗಿವೆ, ಉದ್ದವಾಗಿವೆ, ನಮ್ಮ ನಿಮ್ಮ ವರ್ಣತಂತುಗಳಂತೆ ಜೋಡಿ ಜೋಡಿಯಾಗಿವೆ. ಆದರೆ ದಿನನಿತ್ಯದ ಬದುಕಿನಲ್ಲಿ ಅದು ಮೌನಿ. ಅದರ ಜೀನ್‌ಗಳು ಕೆಲಸ ಮಾಡುವುದಿಲ್ಲ. ದೊಡ್ಡ ಕೇಂದ್ರ ಊಟದ ಕಾಳು. ಈಜುವುದು, ತಿನ್ನುವುದು, ಬೆಳೆಯುವುದು, ಎರಡಾಗಿ ಒಡೆಯುವುದು - ಎಲ್ಲಕ್ಕೂ ಆಜ್ಞೆ ಹೊರಡುವುದು ಅಲ್ಲಿಂದಲೇ. ಬಹುಕೋಶ ಪ್ರಾಣಿಗಳಲ್ಲಿ ಈ ಎರಡು ಕೆಲಸಗಳನ್ನು ಬೇರೆ ಬೇರೆ ಕೋಶಗಳು ಹಂಚಿಕೊಂಡಿವೆ. ಅಂಡಾಣು, ವೀರ್ಯಾಣುಗಳು ಮುಂದಿನ ಪೀಳಿಗೆಗೆ. ನರ, ಮಾಂಸಖಂಡ, ಚರ್ಮಗಳು ಈ ಜನ್ಮಕ್ಕೆ. ಸಿಲಿಯೇಟ್ ಈ ಎರಡನ್ನೂ ಒಂದೇ ಕೋಶದ ಚೌಕಟ್ಟಿನೊಳಗೆ ಇಟ್ಟುಕೊಂಡಿದೆ.

ಹಸಿವಾದಾಗ ಮದುವೆ

ಹೊಟ್ಟೆ ತುಂಬ ಆಹಾರ ಸಿಗುವಷ್ಟು ದಿನ ಸಿಲಿಯೇಟ್ ಸುಮ್ಮನೆ ಎರಡಾಗಿ, ನಾಲ್ಕಾಗಿ ಒಡೆಯುತ್ತ ಹೋಗುತ್ತದೆ. ಟೆಟ್ರಾಹೈಮಿನಾ ಎಂಬ ಜಾತಿಯನ್ನು ನೋಡಿ. ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಉದ್ದದ, ಪೇರಳೆ ಹಣ್ಣಿನಾಕಾರದ ಜೀವಿ ಇದು. ಪ್ರಯೋಗಶಾಲೆಯಲ್ಲಿ ಕೆಲವೇ ಗಂಟೆಗಳಿಗೊಮ್ಮೆ ಇಮ್ಮಡಿಯಾಗುತ್ತದೆ. ಆಹಾರ ಮುಗಿಯಿತೆನ್ನಿ. ಆಗ ಅದು ಸಂಗಾತಿಯನ್ನು ಹುಡುಕುತ್ತದೆ. ಇದರಲ್ಲಿ ಗಂಡು ಹೆಣ್ಣು ಎಂಬ ಎರಡೇ ಬಗೆಯಲ್ಲ, ಏಳು ಬಗೆಗಳಿವೆ! ತನ್ನದಲ್ಲದ ಯಾವ ಬಗೆಯೊಡನೆಯಾದರೂ ಸಂಬಂಧ ಕೂಡುತ್ತದೆ.

ಎರಡು ಕೋಶಗಳು ಮೈಗೆ ಮೈ ಅಂಟಿಸಿಕೊಂಡು ನಿಲ್ಲುತ್ತವೆ. ಇಷ್ಟು ದಿನ ಕಟ್ಟಿಟ್ಟಿದ್ದ ಬಿತ್ತನೆ ಬೀಜದ ಗಂಟನ್ನು ಬಿಚ್ಚುವುದು ಈಗ. ಎರಡರ ಚಿಕ್ಕ ಕೇಂದ್ರಗಳೂ ಒಡೆದು, ತಮ್ಮ ಅರ್ಧ ಪಾಲನ್ನು ಒಂದಕ್ಕೊಂದು ಕೊಟ್ಟುಕೊಳ್ಳುತ್ತವೆ. ಕೊಟ್ಟ ಅರ್ಧವೂ ಉಳಿದ ಅರ್ಧವೂ ಸೇರಿ ಹೊಸ ಕೇಂದ್ರವಾಗುತ್ತದೆ. ಈ ಹೊಸ ಕೇಂದ್ರದ ಪ್ರತಿಗಳಲ್ಲಿ ಕೆಲವು ಹೊಸ ಚಿಕ್ಕ ಕೇಂದ್ರಗಳಾಗಿ ಉಳಿಯುತ್ತವೆ, ಕೆಲವು ಊದಿಕೊಂಡು ಹೊಸ ದೊಡ್ಡ ಕೇಂದ್ರಗಳಾಗುತ್ತವೆ. ಹಳೆಯ ದೊಡ್ಡ ಕೇಂದ್ರಕ್ಕೆ ಇನ್ನು ಕೆಲಸವಿಲ್ಲ. ಅದು ಮುದುಡಿ ಕರಗಿ ಹೋಗುತ್ತದೆ.

ಇಲ್ಲಿ ಮಕ್ಕಳು ಹುಟ್ಟಲಿಲ್ಲ ಎಂಬುದನ್ನು ಗಮನಿಸಿ. ಎರಡು ಕೋಶ ಕೂಡಿದವು, ಎರಡೇ ಕೋಶ ಬೇರ್ಪಟ್ಟವು. ಆದರೆ ಎರಡೂ ಒಳಗಿನಿಂದ ಹೊಸದಾಗಿವೆ. ಇವು ಬೇರೆಯೇ ಜೀವಿಗಳು ಎಂದರೂ ತಪ್ಪಿಲ್ಲ.

ಮೊರಕ್ಕೆ ಹಾಕಿ ಕೇರುವುದು

ನಮ್ಮ ಕಥೆಯ ಮುಖ್ಯ ಘಟನೆ ನಡೆಯುವುದು ಹೊಸ ದೊಡ್ಡ ಕೇಂದ್ರ ತಯಾರಾಗುವ ಹೊತ್ತಿನಲ್ಲಿ.

ಟೆಟ್ರಾಹೈಮಿನಾದ ಚಿಕ್ಕ ಕೇಂದ್ರದಲ್ಲಿ 5 ಜೊತೆ ವರ್ಣತಂತುಗಳಿವೆ. ಡಿಎನ್‌ಎ ಬರಹದ ಅಕ್ಷರಗಳ ಲೆಕ್ಕದಲ್ಲಿ ಹೇಳುವುದಾದರೆ ಸುಮಾರು 15.7 ಕೋಟಿ ಅಕ್ಷರಗಳು. ದೊಡ್ಡ ಕೇಂದ್ರ ಸಿದ್ಧವಾಗುವಾಗ ಇದರೊಳಗಿನ ಸುಮಾರು 12,000 ತುಂಡುಗಳು ಕತ್ತರಿಸಿ ಹೋಗುತ್ತವೆ. ಒಟ್ಟು ಬರಹದ ಮೂರನೇ ಒಂದು ಭಾಗ ಕಸದ ಬುಟ್ಟಿಗೆ! ಉಳಿಯುವುದು ಸುಮಾರು 10.3 ಕೋಟಿ ಅಕ್ಷರಗಳು ಮಾತ್ರ. ಇಷ್ಟಕ್ಕೇ ನಿಲ್ಲುವುದಿಲ್ಲ. 15 ಅಕ್ಷರಗಳ ಒಂದು ಗುರುತು ಎಲ್ಲೆಲ್ಲಿದೆಯೋ ಅಲ್ಲೆಲ್ಲ ವರ್ಣತಂತು ಮುರಿಯುತ್ತದೆ. ಐದು ಉದ್ದನೆಯ ವರ್ಣತಂತುಗಳು ಸುಮಾರು 180 ಗಿಡ್ಡ ವರ್ಣತಂತುಗಳಾಗುತ್ತವೆ. ಆಮೇಲೆ ಪ್ರತಿಯೊಂದಕ್ಕೂ ಸುಮಾರು 45 ಪ್ರತಿಗಳು ತಯಾರಾಗುತ್ತವೆ. ಪ್ರೋಟೀನು ತಯಾರಿಸುವ ಯಂತ್ರಕ್ಕೆ ಬೇಕಾದ ಒಂದು ಜೀನಿಗಂತೂ ವಿಶೇಷ ಮರ್ಯಾದೆ: ಚಿಕ್ಕ ಕೇಂದ್ರದಲ್ಲಿ ವರ್ಣತಂತುವಿನ ಒಂದೇ ಜಾಗದಲ್ಲಿ ಇದ್ದದ್ದು ದೊಡ್ಡ ಕೇಂದ್ರದಲ್ಲಿ ಪ್ರತ್ಯೇಕ ಪುಟ್ಟ ವರ್ಣತಂತುವಾಗಿ ಸುಮಾರು 10,000 ಪ್ರತಿಗಳಾಗುತ್ತದೆ.

ಎಸೆದದ್ದು ಏನು? ಬಹುಪಾಲು ಹಳೆಯ ಪುಂಡರ ಅವಶೇಷಗಳು. ವರ್ಣತಂತುವಿನಲ್ಲಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ನೆಗೆಯುವ ಡಿಎನ್‌ಎ ತುಂಡುಗಳಿವೆ. ಅಮೆರಿಕದ ಬಾರ್ಬರಾ ಮ್ಯಾಕ್ಲಿಂಟಾಕ್ ಮುಸುಕಿನ ಜೋಳದಲ್ಲಿ ಇವನ್ನು 1940ರ ದಶಕದಲ್ಲಿ ಪತ್ತೆ ಮಾಡಿದರು. ಬಹಳ ವರ್ಷ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1983ರಲ್ಲಿ ನೊಬೆಲ್ ಬಂತು. ಕರೆಯದೆ ಬಂದು ಜಗಲಿಯಲ್ಲಿ ಮಲಗಿ, ಕ್ರಮೇಣ ಮನೆಯನ್ನೇ ಆವರಿಸುವ ನೆಂಟರಂತೆ ಇವು. ನಮ್ಮ ಡಿಎನ್‌ಎಯಲ್ಲೂ ಇಂಥ ನೆಂಟರ ಪಳೆಯುಳಿಕೆಗಳು ಹೇರಳ. ನಾವು ಅವನ್ನು ಬಾಯಿ ಮುಚ್ಚಿಸಿ ಕೂರಿಸಿದ್ದೇವೆ. ಸಿಲಿಯೇಟ್ ಊಟದ ಕಾಳಿನಿಂದ ಅವನ್ನು ಕಲ್ಲಿನಂತೆ ಆರಿಸಿ ಹೊರಗೆ ಹಾಕುತ್ತದೆ.

ಪ್ಯಾರಮೀಸಿಯಂನಲ್ಲಿ ಈ ಕೆಲಸ ಇನ್ನೂ ನಾಜೂಕು. ಅದರ ಒಂದು ಪ್ರಭೇದದಲ್ಲಿ ಕತ್ತರಿಸಬೇಕಾದ ತುಂಡುಗಳು ಸುಮಾರು 45,000. ಹಲವು ತುಂಡುಗಳು ಮೂವತ್ತು ಅಕ್ಷರಕ್ಕೂ ಚಿಕ್ಕವು. ಅವು ಕೂತಿರುವುದು ಜೀನ್‌ಗಳ ನಡುಮಧ್ಯದಲ್ಲೇ. ಒಂದೇ ಒಂದು ಅಕ್ಷರ ಹೆಚ್ಚು ಕಡಿಮೆ ಕತ್ತರಿಸಿದರೂ ಆ ಜೀನು ಕೊಡುವ ಪ್ರೋಟೀನು ಕೆಟ್ಟಿತು. ಅಂಥ ಹಲವು ತಪ್ಪುಗಳಾದರೆ ಜೀವಿಯೇ ಸತ್ತಿತು. ಹೊಸ ದೊಡ್ಡ ಕೇಂದ್ರ ಸರಿಯಾಗಿ ತಯಾರಾಗದಿದ್ದರೆ ಮರಳಿ ಯತ್ನಿಸಲು ಅವಕಾಶವಿಲ್ಲ, ಹಳೆಯದು ಆಗಲೇ ಕರಗುತ್ತಿದೆ.

ಇಷ್ಟು ಕರಾರುವಾಕ್ಕಾದ ಕತ್ತರಿ ಎಲ್ಲಿಂದ ಬಂತು? 2009ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಉತ್ತರ ಕೊಟ್ಟರು. ಪ್ಯಾರಮೀಸಿಯಂ ಬಳಸುವ ಕಿಣ್ವ, ನೆಗೆಯುವ ಡಿಎನ್‌ಎ ತುಂಡುಗಳು ತಮ್ಮನ್ನು ತಾವು ಕತ್ತರಿಸಿಕೊಂಡು ಹಾರಲು ಬಳಸುವ ಕಿಣ್ವದ್ದೇ ಪಳಗಿದ ರೂಪ. ಅಂದರೆ ಮನೆಗೆ ನುಗ್ಗಿದ ಕಳ್ಳನನ್ನೇ ಹಿಡಿದು, ಅವನ ಕತ್ತರಿಯನ್ನೇ ಕಸಿದು, ಮಿಕ್ಕ ಕಳ್ಳರನ್ನು ಓಡಿಸಲು ಕಾವಲಿಗೆ ನಿಲ್ಲಿಸಿದಂತೆ!

ರುಮಗೆಲ್ಲಿಹೂಲೆಸೂಮೈಮಾ

ಈ ಉಪಶೀರ್ಷಿಕೆ ಅಚ್ಚಿನ ತಪ್ಪಲ್ಲ. ಒಂದು ನಿಮಿಷ ತಾಳ್ಮೆಯಿಂದ ನೋಡಿ.

ಅಮೆರಿಕದ ಕೊಲರಾಡೊ ವಿಶ್ವವಿದ್ಯಾಲಯದ ಡೇವಿಡ್ ಪ್ರೆಸ್ಕಾಟ್ ಆಕ್ಸಿಟ್ರಿಕಾ ಎಂಬ ಇನ್ನೊಂದು ಸಿಲಿಯೇಟನ್ನು ಬಹಳ ವರ್ಷ ಅಭ್ಯಾಸ ಮಾಡಿದವರು. 1989ರಲ್ಲಿ ಅವರೂ ಸಂಗಡಿಗರೂ ಆಕ್ಟಿನ್ ಎಂಬ ಪ್ರೋಟೀನಿನ ಜೀನನ್ನು ಎರಡೂ ಕೇಂದ್ರಗಳಿಂದ ತೆಗೆದು ಹೋಲಿಸಿದರು. ದೊಡ್ಡ ಕೇಂದ್ರದಲ್ಲಿ ಜೀನು ಸರಿಯಾಗಿತ್ತು. ಚಿಕ್ಕ ಕೇಂದ್ರದಲ್ಲಿ ಅದೇ ಜೀನು 9 ತುಂಡುಗಳಾಗಿ ಬಿದ್ದಿತ್ತು. ತುಂಡುಗಳ ನಡುವೆ ಸಂಬಂಧವಿಲ್ಲದ ಬರಹ. ಅದಾದರೂ ಇರಲಿ ಎಂದರೆ ತುಂಡುಗಳ ಕ್ರಮವೇ ಅಸ್ತವ್ಯಸ್ತ: 3-4-6-5-7-9-2-1-8! ಜೊತೆಗೆ ಎರಡನೆಯ ತುಂಡು ಹಿಂದುಮುಂದಾಗಿತ್ತು.

ಈಗ 'ಮೈಸೂರು ಮಲ್ಲಿಗೆ ಹೂಮಾಲೆ' ಎಂದು ಬರೆದುಕೊಳ್ಳಿ. ಒಂಬತ್ತು ಅಕ್ಷರಗಳಿವೆ. ಪ್ರೆಸ್ಕಾಟ್ ಕಂಡ ಕ್ರಮದಲ್ಲೇ ಅವನ್ನು ಜೋಡಿಸಿ. ಮೂರನೆಯದು 'ರು', ನಾಲ್ಕನೆಯದು 'ಮ', ಆರನೆಯದು 'ಗೆ'... ಕೊನೆಗೆ ಬರುವುದು ಮೇಲಿನ ಉಪಶೀರ್ಷಿಕೆ. ಅದರಲ್ಲಿ 'ಸೂ' ಅಕ್ಷರವನ್ನು ತಲೆಕೆಳಗಾಗಿ ಬರೆಯಿರಿ. ಅಕ್ಷರ ಅಕ್ಷರದ ನಡುವೆ ಹಳೆಯ ಪಂಚಾಂಗದ ಯಾವುದೋ ಪುಟದ ಸಾಲು ತುರುಕಿ. ಚಿಕ್ಕ ಕೇಂದ್ರದಲ್ಲಿರುವ ಆಕ್ಟಿನ್ ಜೀನು ಇರುವುದು ಹೀಗೆ. ಅದರಿಂದ ಹೂಮಾಲೆಯನ್ನು ಮತ್ತೆ ಕಟ್ಟಬೇಕು.

ಇದು ಒಂದು ಜೀನಿನ ಕಥೆಯಾಯಿತು. ಆಕ್ಸಿಟ್ರಿಕಾದ ಇನ್ನೊಂದು ಪ್ರಭೇದದ ಪೂರ್ಣ ಡಿಎನ್‌ಎ ಬರಹವನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಲಾರಾ ಲ್ಯಾಂಡ್‌ವೆಬರ್ ಅವರ ತಂಡ ಮತ್ತು ಸಹೋದ್ಯೋಗಿಗಳು 2013 ಮತ್ತು 2014ರಲ್ಲಿ ಪ್ರಕಟಿಸಿದರು. ಚಿಕ್ಕ ಕೇಂದ್ರದಲ್ಲಿ ಹರಡಿ ಬಿದ್ದಿರುವ ಬೇಕಾದ ತುಂಡುಗಳು 2,25,000ಕ್ಕೂ ಹೆಚ್ಚು. ಸಾವಿರಾರು ಜೀನ್‌ಗಳ ತುಂಡುಗಳು ಅದಲು ಬದಲಾಗಿವೆ. ಶೇ. 90ಕ್ಕೂ ಹೆಚ್ಚು ಡಿಎನ್‌ಎ ಎಸೆದ ಮೇಲೆ ಉಳಿದದ್ದು ಸುಮಾರು 16,000 ಬಗೆಯ ಅತಿ ಪುಟ್ಟ ವರ್ಣತಂತುಗಳಾಗುತ್ತದೆ. ಒಂದೊಂದರ ಉದ್ದ ಸರಾಸರಿ 3,200 ಅಕ್ಷರ. ಹೆಚ್ಚಿನವುಗಳಲ್ಲಿ ತಲಾ ಒಂದೇ ಜೀನು. ಮನುಷ್ಯನ ಅತಿ ಚಿಕ್ಕ ವರ್ಣತಂತುವಿನಲ್ಲೇ ನಾಲ್ಕೂವರೆ ಕೋಟಿಗೂ ಹೆಚ್ಚು ಅಕ್ಷರಗಳಿವೆ ಎಂದರೆ ವ್ಯತ್ಯಾಸ ಊಹಿಸಿಕೊಳ್ಳಿ. ಈ ಪುಟ್ಟ ವರ್ಣತಂತುಗಳಿಗೆ ಸರಾಸರಿ 1,900 ಪ್ರತಿಗಳಂತೆ ಲೆಕ್ಕ ಹಾಕಿದರೆ ಒಂದೇ ಒಂದು ಕೋಶದ ಒಳಗೆ ಮೂರು ಕೋಟಿ ವರ್ಣತಂತುಗಳು! ಇಷ್ಟೂ ಕೆಲಸ ಮುಗಿಯುವುದು ಕೆಲವೇ ದಿನಗಳಲ್ಲಿ.

ತುಂಡುಗಳು ಸರಿಯಾದ ಜೋಡಿಯನ್ನು ಗುರುತಿಸುವುದು ಹೇಗೆ? ಅಂತ್ಯಾಕ್ಷರಿ ಆಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಒಬ್ಬರ ಹಾಡು ಮುಗಿದ ಅಕ್ಷರದಿಂದಲೇ ಇನ್ನೊಬ್ಬರು ಶುರು ಮಾಡಬೇಕಷ್ಟೆ. ಇಲ್ಲಿಯೂ ಮೂರನೆಯ ತುಂಡಿನ ಕೊನೆಯ ಕೆಲವು ಅಕ್ಷರಗಳೇ ನಾಲ್ಕನೆಯ ತುಂಡಿನ ಆರಂಭದಲ್ಲಿರುತ್ತವೆ. ಎರಡೂ ಒಂದರ ಮೇಲೊಂದು ಕೂತು ಹೊಲಿಗೆ ಬೀಳುತ್ತದೆ. ಹೆಚ್ಚಾದ ಒಂದು ಪ್ರತಿ ಕತ್ತರಿಸಿ ಹೋಗುತ್ತದೆ.

ಆದರೆ ಅಂತ್ಯಾಕ್ಷರಿಯಲ್ಲಿ ಒಂದು ತೊಡಕಿದೆ. 'ಮ' ಬಂದರೆ 'ಮ'ದಿಂದ ಶುರುವಾಗುವ ನೂರು ಹಾಡುಗಳಿವೆ, ಯಾವುದನ್ನು ಹಾಡಬೇಕು? ಈ ತುಂಡುಗಳ ತುದಿಯ ಗುರುತುಗಳೂ ಅಷ್ಟೇ ಚಿಕ್ಕವು, ಕೆಲವು ಎರಡು ಮೂರು ಅಕ್ಷರದವು. ಎರಡು ಲಕ್ಷ ತುಂಡುಗಳ ರಾಶಿಯಲ್ಲಿ ಇಷ್ಟು ಸಣ್ಣ ಗುರುತು ನಂಬಿ ಹೊಲಿದರೆ ಅಂಗಿಯ ತೋಳಿಗೆ ಪ್ಯಾಂಟಿನ ಕಾಲು ಸೇರಿಹೋದೀತು.

ಹಳೆಯ ಕೇಂದ್ರದ ಉಯಿಲು

ದರ್ಜಿ ಏನು ಮಾಡುತ್ತಾನೆ? ಸರಿಯಾಗಿ ಕೂರುವ ಹಳೆಯ ಅಂಗಿಯೊಂದನ್ನು ತಂದುಕೊಡಿ, ಅದೇ ಅಳತೆಗೆ ಹೊಲಿಯುತ್ತೇನೆ ಎನ್ನುತ್ತಾನೆ. ಸಿಲಿಯೇಟ್ ಮಾಡುವುದೂ ಅದನ್ನೇ.

ಸಾಯುತ್ತಿರುವ ಹಳೆಯ ದೊಡ್ಡ ಕೇಂದ್ರದಲ್ಲಿ ಸರಿಯಾಗಿ ಜೋಡಿಸಿದ ಜೀನ್‌ಗಳಿವೆ. ಕರಗುವ ಮುನ್ನ ಅದು ತನ್ನ ಜೀನ್‌ಗಳ ಆರ್‌ಎನ್‌ಎ ನಕಲು ತೆಗೆದು ಹೊಸ ಕೇಂದ್ರಕ್ಕೆ ಕಳಿಸುತ್ತದೆ. ಆ ನಕಲನ್ನು ಮಾದರಿಯಾಗಿಟ್ಟುಕೊಂಡು ಹೊಸ ಕೇಂದ್ರದಲ್ಲಿ ಹೊಲಿಗೆ ನಡೆಯುತ್ತದೆ. 2008ರಲ್ಲಿ ಲ್ಯಾಂಡ್‌ವೆಬರ್ ತಂಡ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ತುಂಡುಗಳ ಕ್ರಮವನ್ನು ಬೇಕೆಂದೇ ಬದಲಿಸಿದ ಕೃತಕ ಆರ್‌ಎನ್‌ಎಯನ್ನು ಅವರು ಆಕ್ಸಿಟ್ರಿಕಾದೊಳಗೆ ಚುಚ್ಚಿದರು. ದರ್ಜಿ ಮೋಸಹೋದ! ಹೊಸ ಜೀನು ಆ ಸುಳ್ಳು ಮಾದರಿಯಂತೆಯೇ ಜೋಡಣೆಗೊಂಡಿತು. ಆಮೇಲಿನ ಪೀಳಿಗೆಗಳಲ್ಲೂ ಆ ಬದಲಾವಣೆ ಕಾಣಿಸಿಕೊಂಡಿತು.

ಟೆಟ್ರಾಹೈಮಿನಾ ಇದೇ ಕೆಲಸವನ್ನು ಬೇರೆ ಉಪಾಯದಿಂದ ಮಾಡುತ್ತದೆ. 2002ರಲ್ಲಿ ರೋಚೆಸ್ಟರ್ ವಿಶ್ವವಿದ್ಯಾಲಯದ ಕಜುಫುಮಿ ಮೊಚಿಜುಕಿ, ಮಾರ್ಟಿನ್ ಗೊರೊವ್‌ಸ್ಕಿ ಮತ್ತು ಜೊತೆಯವರು ಇದನ್ನು ವಿವರಿಸಿದರು. ಮೊದಲು ಚಿಕ್ಕ ಕೇಂದ್ರದ ಬರಹವೆಲ್ಲ ಪುಟ್ಟ ಪುಟ್ಟ ಆರ್‌ಎನ್‌ಎ ಚೀಟಿಗಳಾಗುತ್ತದೆ. ಆ ಚೀಟಿಗಳು ಹಳೆಯ ದೊಡ್ಡ ಕೇಂದ್ರಕ್ಕೆ ಹೋಗಿ 'ನಾನು ಇಲ್ಲಿದ್ದೇನೆಯೇ?' ಎಂದು ಹುಡುಕುತ್ತವೆ. ಹೊಂದಿಕೆಯಾದ ಚೀಟಿಗಳು ಅಲ್ಲೇ ಉಳಿದುಬಿಡುತ್ತವೆ. ಹೊಂದಿಕೆಯಾಗದೆ ಮಿಕ್ಕ ಚೀಟಿಗಳೆಂದರೆ ಹಿಂದಿನ ಪೀಳಿಗೆ ಎಸೆದ ಕಸದ ಪಟ್ಟಿ. ಅವು ಹೊಸ ಕೇಂದ್ರಕ್ಕೆ ಬಂದು ತಮಗೆ ಹೊಂದುವ ಡಿಎನ್‌ಎಗೆಲ್ಲ 'ಇದು ಬೇಡ' ಎಂದು ಗುರುತು ಹಾಕುತ್ತವೆ. ಆಕ್ಸಿಟ್ರಿಕಾದ ಪುಟ್ಟ ಆರ್‌ಎನ್‌ಎಗಳು ಇದಕ್ಕೆ ತದ್ವಿರುದ್ಧ ಎಂದು 2012ರಲ್ಲಿ ತಿಳಿಯಿತು: ಅವು 'ಇದು ಬೇಕು' ಎಂದು ಗುರುತು ಹಾಕುತ್ತವೆ. ಮನೆ ಖಾಲಿ ಮಾಡುವಾಗ ಒಬ್ಬರು ಬಿಸಾಡುವ ಸಾಮಾನಿಗೆ ಸೀಮೆಸುಣ್ಣದ ಗುರುತು ಹಾಕುತ್ತಾರೆ, ಇನ್ನೊಬ್ಬರು ಒಯ್ಯುವ ಸಾಮಾನಿಗೆ ಹಾಕುತ್ತಾರೆ. ಎರಡು ದಾರಿ, ಫಲ ಒಂದೇ.

ವಂಶಪಾರಂಪರ್ಯ ಎಂದರೆ ಡಿಎನ್‌ಎ ಬರಹ ಮಾತ್ರ ಎಂದು ನಾವು ತಿಳಿದಿದ್ದೆವು. ಅದು ಪೂರ್ತಿ ನಿಜವಲ್ಲ ಎಂದು ಈ ಜೀವಿಗಳು ಹೇಳುತ್ತಿವೆ. 1995ರಲ್ಲೇ ಫ್ರಾನ್ಸಿನ ಸಂಶೋಧಕರು ಪ್ಯಾರಮೀಸಿಯಂನಲ್ಲಿ ಒಂದು ಪ್ರಯೋಗ ಮಾಡಿದ್ದರು. ಸಾಮಾನ್ಯವಾಗಿ ಕತ್ತರಿಸಿ ಎಸೆಯುವ ಒಂದು ತುಂಡನ್ನು ಹಳೆಯ ದೊಡ್ಡ ಕೇಂದ್ರಕ್ಕೆ ಸೇರಿಸಿಬಿಟ್ಟರು. ಚಿಕ್ಕ ಕೇಂದ್ರವನ್ನು ಮುಟ್ಟಲಿಲ್ಲ. ಆದರೂ ಹೊಸ ಕೇಂದ್ರ ಆ ತುಂಡನ್ನು ಕತ್ತರಿಸದೆ ಉಳಿಸಿಕೊಂಡಿತು. ಬೀಜದಲ್ಲಿ ಏನೂ ಬದಲಾಗಿಲ್ಲ. ಬೀಜವನ್ನು ಹೇಗೆ ಬಳಸಬೇಕೆಂಬ ಹಿರಿಯರ ಮಾತು ಮಾತ್ರ ಬದಲಾಗಿದೆ. ಆ ಮಾತೂ ಆಸ್ತಿಯೇ.

ತುದಿಗಳ ಗುಟ್ಟು

'ಇದರಿಂದ ಏನು ಪ್ರಯೋಜನ?' ಎಂದು ತಂದೆ ತಾಯಂದಿರು ಕೇಳಬಹುದು. ನ್ಯಾಯವಾದ ಪ್ರಶ್ನೆ.

ವರ್ಣತಂತು ಮುರಿಯುವುದು ಯಾವ ಕೋಶಕ್ಕೂ ಅಪಾಯದ ಸಂಗತಿ. ಮುರಿದ ತುದಿಗಳು ಸಿಕ್ಕಸಿಕ್ಕ ಕಡೆ ಅಂಟಿಕೊಳ್ಳುತ್ತವೆ, ಇಲ್ಲವೇ ಸವೆದುಹೋಗುತ್ತವೆ. ಅನೇಕ ಬಗೆಯ ಕ್ಯಾನ್ಸರ್‌ಗಳಲ್ಲಿ ಇಂಥ ಮುರುಕು ವರ್ಣತಂತುಗಳನ್ನು ಕಾಣಬಹುದು. ಹಾಗಾದರೆ ಟೆಟ್ರಾಹೈಮಿನಾ ಸಾವಿರಾರು ತುದಿಗಳನ್ನು ಇಟ್ಟುಕೊಂಡು ಹೇಗೆ ಸುಖವಾಗಿದೆ?

ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದಲ್ಲಿ ಹುಟ್ಟಿದ ಎಲಿಜಬೆತ್ ಬ್ಲ್ಯಾಕ್‌ಬರ್ನ್ 1975ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯಕ್ಕೆ ಬಂದು ಜೋಸೆಫ್ ಗಾಲ್ ಅವರ ಪ್ರಯೋಗಶಾಲೆ ಸೇರಿದರು. ವರ್ಣತಂತುವಿನ ತುದಿಯಲ್ಲಿ ಏನಿದೆ ಎಂದು ನೋಡುವುದು ಅವರ ಹಂಬಲ. ಮನುಷ್ಯನ ಕೋಶದಲ್ಲಿ 46 ವರ್ಣತಂತು, 92 ತುದಿ, ಹುಡುಕುವುದು ಕಷ್ಟ. ಟೆಟ್ರಾಹೈಮಿನಾದಲ್ಲಿ ಒಂದೇ ಬಗೆಯ ಪುಟ್ಟ ವರ್ಣತಂತುವಿಗೆ 10,000 ಪ್ರತಿ, ಅಂದರೆ 20,000 ತುದಿ! 1978ರಲ್ಲಿ ಉತ್ತರ ಬಂತು. ಪ್ರತಿ ತುದಿಯಲ್ಲೂ 'ಟಿಟಿಜಿಜಿಜಿಜಿ' ಎಂಬ ಆರು ಅಕ್ಷರಗಳು ಜಪದಂತೆ 20ರಿಂದ 70 ಸಲ ಬರುತ್ತಿದ್ದವು. ಷೂ ಲೇಸಿನ ತುದಿ ಬಿಚ್ಚಿಕೊಳ್ಳದಂತೆ ಕೂರಿಸುವ ಪ್ಲಾಸ್ಟಿಕ್ ಟೋಪಿಯಂತೆ ಅವು. ಇದಕ್ಕೆ ಟೆಲೊಮಿಯರ್ ಎಂದು ಹೆಸರು. ಅದು ಕೆರೆಯ ಜೀವಿಯ ಖಾಸಗಿ ಸೊತ್ತಲ್ಲ ಎಂಬುದು 1982ರಲ್ಲಿ ಸ್ಪಷ್ಟವಾಯಿತು. ಜ್ಯಾಕ್ ಜೋಸ್ಟಾಕ್ ಮತ್ತು ಬ್ಲ್ಯಾಕ್‌ಬರ್ನ್ ಸೇರಿ ಟೆಟ್ರಾಹೈಮಿನಾದ ತುದಿಯನ್ನು ಯೀಸ್ಟಿನೊಳಗಿನ ಡಿಎನ್‌ಎಗೆ ಅಂಟಿಸಿದರು. ಅಲ್ಲಿಯೂ ಅದು ಕಾಪಾಡಿತು! ಮನುಷ್ಯನ ಟೋಪಿಯಲ್ಲಿ ಒಂದೇ ಅಕ್ಷರದ ವ್ಯತ್ಯಾಸ: 'ಟಿಟಿಎಜಿಜಿಜಿ'.

ಹೊಸದಾಗಿ ಮುರಿದ ತುದಿಗೆ ಟೋಪಿ ಹಾಕುವವರು ಯಾರು? ಬರ್ಕ್‌ಲಿಯಲ್ಲಿ ಬ್ಲ್ಯಾಕ್‌ಬರ್ನ್ ಅವರ ವಿದ್ಯಾರ್ಥಿನಿಯಾಗಿ ಸೇರಿದ ಕ್ಯಾರಲ್ ಗ್ರೈಡರ್‌ಗೆ ಆಗ 23 ವರ್ಷ. 1984ರ ಕ್ರಿಸ್ಮಸ್ ದಿನ ಪ್ರಯೋಗಶಾಲೆಗೆ ಹೋಗಿ ಎಕ್ಸ್‌ರೇ ಫಿಲ್ಮನ್ನು ನೋಡಿದರು. ಅದರಲ್ಲಿ ಏಣಿಯ ಮೆಟ್ಟಿಲಿನಂತೆ ಸಾಲು ಗೆರೆಗಳು. ಆರಾರು ಅಕ್ಷರಗಳನ್ನು ಪೋಣಿಸುವ ಕಿಣ್ವ ಅಲ್ಲಿತ್ತು. ಟೆಲೊಮರೇಸ್ ಎಂದು ಅದನ್ನು ಕರೆಯುತ್ತಾರೆ. ನಮ್ಮ ಹೆಚ್ಚಿನ ಕೋಶಗಳಲ್ಲಿ ಈ ಕಿಣ್ವ ಸುಮ್ಮನಿರುವುದರಿಂದ ಕೋಶ ಒಡೆದಂತೆಲ್ಲ ಟೋಪಿ ಸವೆಯುತ್ತದೆ. ಬಹುಪಾಲು ಕ್ಯಾನ್ಸರ್ ಕೋಶಗಳು ಇದನ್ನು ಮತ್ತೆ ಎಚ್ಚರಿಸಿಕೊಂಡು ಸಾವಿಲ್ಲದಂತೆ ಬೆಳೆಯುತ್ತವೆ. 2009ರ ವೈದ್ಯಕೀಯ ನೊಬೆಲ್ ಬ್ಲ್ಯಾಕ್‌ಬರ್ನ್, ಗ್ರೈಡರ್, ಜೋಸ್ಟಾಕ್ ಮೂವರಿಗೂ ಸಂದಿತು.

ಅದಕ್ಕೂ 20 ವರ್ಷ ಮೊದಲೇ ಟೆಟ್ರಾಹೈಮಿನಾ ಇನ್ನೊಂದು ನೊಬೆಲ್ ಗೆದ್ದಿತ್ತು. ಕಿಣ್ವಗಳೆಂದರೆ ಪ್ರೋಟೀನುಗಳೇ ಎಂಬ ನಂಬಿಕೆಯಿದ್ದ ಕಾಲದಲ್ಲಿ, 1982ರಲ್ಲಿ, ಇದರ ಒಂದು ಆರ್‌ಎನ್‌ಎ ಯಾರ ಸಹಾಯವೂ ಇಲ್ಲದೆ ತನ್ನನ್ನು ತಾನೇ ಕತ್ತರಿಸಿ ಜೋಡಿಸಿಕೊಳ್ಳುವುದನ್ನು ಕೊಲರಾಡೊದ ಥಾಮಸ್ ಚೆಕ್ ಕಂಡರು. ಸಿಡ್ನಿ ಆಲ್ಟ್‌ಮನ್ ಅವರೊಡನೆ 1989ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು. ಮೂರ್ತಿ ಚಿಕ್ಕದಾದರೂ ಕೀರ್ತಿ ದೊಡ್ಡದು ಎಂಬ ಗಾದೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಈ ಯಾರೂ ಕ್ಯಾನ್ಸರಿಗೆ ಮದ್ದು ಹುಡುಕಲು ಹೊರಟವರಲ್ಲ. 'ಇಲ್ಲಿ ಏನು ನಡೆಯುತ್ತಿದೆ?' ಎಂದು ಕೇಳಿದವರು.

ನಮ್ಮೊಳಗೂ ಕತ್ತರಿ

ಇದೆಲ್ಲ ಕೆರೆ ನೀರಿನ ಸಮಾಚಾರ, ನಮಗೇಕೆ ಎನ್ನಬೇಡಿ. ನಿಮ್ಮ ರಕ್ತದಲ್ಲೂ ದರ್ಜಿಗಳಿದ್ದಾರೆ. ರೋಗಾಣುಗಳ ವಿರುದ್ಧ ಹೋರಾಡುವ ಪ್ರತಿಕಾಯಗಳು ಲಕ್ಷಾಂತರ ಬಗೆಯವು. ಪ್ರತಿಯೊಂದಕ್ಕೂ ಒಂದೊಂದು ಜೀನು ಇಡುವಷ್ಟು ಜಾಗ ನಮ್ಮ ಡಿಎನ್‌ಎಯಲ್ಲಿಲ್ಲ. ಕೆಲವು ಬಿಳಿ ರಕ್ತಕಣಗಳು ಬೆಳೆಯುವಾಗ ತಮ್ಮ ಡಿಎನ್‌ಎಯ ತುಂಡುಗಳನ್ನು ಕತ್ತರಿಸಿ ಬಗೆಬಗೆಯಾಗಿ ಜೋಡಿಸಿಕೊಳ್ಳುತ್ತವೆ. ಜಪಾನಿನ ಸುಸುಮು ಟೊನೆಗಾವಾ 1976ರಲ್ಲಿ ಇದನ್ನು ತೋರಿಸಿ 1987ರಲ್ಲಿ ನೊಬೆಲ್ ಪಡೆದರು. ಅಲ್ಲಿ ಬಳಕೆಯಾಗುವ ಕತ್ತರಿಯೂ ಹಿಂದೊಮ್ಮೆ ನೆಗೆಯುವ ಡಿಎನ್‌ಎ ತುಂಡಿನದೇ ಆಗಿತ್ತು. ಕಳ್ಳನನ್ನು ಕಾವಲಿಗೆ ನಿಲ್ಲಿಸುವ ಜಾಣತನ ನಮ್ಮ ಪೂರ್ವಜರಿಗೂ ಗೊತ್ತಿತ್ತು!

ನೀವೇ ನೋಡಿ

ಈ ದರ್ಜಿಗಳನ್ನು ಕಾಣಲು ವಿದೇಶಕ್ಕೆ ಹೋಗಬೇಕಿಲ್ಲ. ಒಂದು ಹಿಡಿ ಒಣಹುಲ್ಲನ್ನು ಅರ್ಧ ಲೀಟರ್ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಪೂರ್ತಿ ತಣಿಯಲು ಬಿಡಿ. ಅದಕ್ಕೆ ಕೆರೆಯದೋ ಹೊಂಡದ್ದೋ ನೀರು ನಾಲ್ಕಾರು ಚಮಚ ಸೇರಿಸಿ, ತೆಳ್ಳನೆಯ ಬಟ್ಟೆ ಮುಚ್ಚಿ, ಬಿಸಿಲು ಬೀಳದ ಕಡೆ ಒಂದು ವಾರ ಇಡಿ. ನೀರು ಸ್ವಲ್ಪ ನಾರುತ್ತದೆ. ಅಮ್ಮನ ಅಪ್ಪಣೆ ಮೊದಲೇ ಪಡೆದಿರಿ. ಮೇಲೆ ತೆಳು ಕೆನೆ ಕಟ್ಟಿದಾಗ ಅದರ ಅಂಚಿನಿಂದ ಒಂದು ಹನಿ ತೆಗೆದು, ಶಾಲೆಯ ಸೂಕ್ಷ್ಮದರ್ಶಕದಲ್ಲಿ ನೂರು ಪಟ್ಟು ಹಿಗ್ಗಿಸಿ ನೋಡಿ. ಅವು ತೀರ ಚುರುಕಾಗಿ ಓಡಿದರೆ ಹನಿಯೊಳಗೆ ಹತ್ತಿಯ ಒಂದೆರಡು ಎಳೆ ಹಾಕಿ, ಬೇಲಿಗೆ ಸಿಕ್ಕ ಕರುವಿನಂತೆ ನಿಲ್ಲುತ್ತವೆ. ಪ್ರಯೋಗಶಾಲೆಯಲ್ಲಿ ಮೀಥೈಲ್ ಗ್ರೀನ್ ಬಣ್ಣವಿದ್ದರೆ ಮೇಷ್ಟ್ರ ನೆರವಿನಿಂದ ಒಂದು ತೊಟ್ಟು ಬಿಡಿ. ಒಳಗಿನ ದೊಡ್ಡ ಕೇಂದ್ರ ಹಸಿರಾಗಿ ಎದ್ದು ಕಾಣುತ್ತದೆ. ಕೆಲಸ ಮುಗಿದ ಮೇಲೆ ಕೈಗೆ ಸೋಪು ಹಾಕಿ ತೊಳೆಯುವುದನ್ನು ಮರೆಯಬೇಡಿ.

ಅಂಥ ಹನಿಯಲ್ಲಿ ಎಂದಾದರೂ ಎರಡು ಜೀವಿಗಳು ಮೈಗೆ ಮೈ ಅಂಟಿಸಿಕೊಂಡು ಸುತ್ತುತ್ತಿರುವುದು ಕಂಡರೆ ಸ್ವಲ್ಪ ಹೊತ್ತು ಅಲ್ಲೇ ಇರಿ. ಬಿತ್ತನೆ ಬೀಜದ ಗಂಟು ಬಿಚ್ಚಿರುತ್ತದೆ. ಮುಂದಿನ ಪರೀಕ್ಷೆಯಲ್ಲಿ ಪ್ಯಾರಮೀಸಿಯಂನ ಚಿತ್ರ ಬರೆದು ಎರಡು ಕೇಂದ್ರಗಳಿಗೆ ಗೆರೆ ಎಳೆಯುವಾಗ, ಆ ಎರಡು ಹೆಸರುಗಳ ನಡುವೆ ಎಷ್ಟು ಕತ್ತರಿ, ಎಷ್ಟು ಸೂಜಿದಾರ ಓಡಾಡಿದೆ ಎಂಬುದು ನಿಮಗೆ ಗೊತ್ತಿರುತ್ತದೆ.